ಕಾಕಾನ ರಕ್ತಕ್ಕ ಬಂದ ಮೆಮೋ

ಡ್ರೈವರಗ ಮೆಮೋ ಕೊಟ್ಟವರನ್ನ ನೀವು ನೋಡಿರಬೇಕು. ಕಂಡಕ್ಟರಗ ಕೊಟ್ಟವರನ್ನೂ ನೋಡಿರಬೇಕು. ತನ್ನ ಸ್ವಂತ ರಕ್ತಕ್ಕ ಮೆಮೋ ಕೊಟ್ಟವರನ್ನ ಎಲ್ಲೆರ ನೋಡೀರೇನು? ನಮ್ಮ ಮನ್ಯಾಗ ಅದಾರ. ನಮ್ಮ ಕಾಕಾ!

ಕಾಕಾ ಮುಧೋಳ ಬಸ್‌ಸ್ಟ್ಯಾಂಡಿನ್ಯಾಗ ಕಂಟ್ರೋಲರ್. ಜಮಖಂಡಿ ಗಾಡಿ ಚೂರು ತಡಾ ಆತಂದ್ರ ಯಾರೋ ತಮ್ಮ ಕಪಾಳಕ್ಕ ಹೊಡದಂಗ ಮಾಡ್ತಾರ. ಮನ್ಯಾಗ ರೊಟ್ಟಿ ತಡಾ ಆದ್ರೂ ಕಾಕು ಕಾರಣಾ ಹೇಳಬೇಕು, ಆಮ್ಯಾಲೇನ ತುತ್ತು ಎತ್ತೂದು. ಇಂಥಾವ್ರಿಗೆ ಸಕ್ಕರಿ ಬ್ಯಾನಿ ಬಂತು. ಬ್ಯಾನಿ ಬಂದವರಿಗೆ ದುಃಖ ಆಗ್ತೈತಿ, ಅಂಜಿಕಿ ಆಗ್ತೈತಿ. ಕಾಕಾಗ ಸಿಟ್ಟು ಬಂತು! ನನ್ನ ಕೇಳಲಾರದ ನನ್ನ ಮೈಯಾಗ ಹೆಂಗ ಬಂತು ಅಂತ ಡಾಕ್ಟರ ಜೋಡಿ ವಾದಾ ಹಾಕಿದ್ರು. ಡಾಕ್ಟರ ಮ್ಯಾಲೆ ಸಿಟ್ಟಿಲ್ಲದ ದಿನಾ ಅಷ್ಟ ಗುಳಿಗಿ ತಗೋತಿದ್ರು. ಅಂಥಾ ದಿನಾ ಭಾಳ ಇದ್ದಿಲ್ಲ.

ಒಂದಿನ ಸಂಜಿಕ ಕಾಕಾ ಡ್ಯೂಟಿ ಮುಗಿಸಿ ಬಂದು ಬೂಟು ಕಳದ್ರು. ಕಾಕು ಬೂಟು ಝಾಡಿಸಿದ್ರ ಒಳಗಿಂದ ಟಣ್ ಅಂತ ಒಂದು ನಟ್ಟು ಬಿತ್ತು. ಬಸ್ಸಿನ ಕಬ್ಬಿಣದ ನಟ್ಟು! ಮುಂಜಾನಿಂದ ಅದರ ಮ್ಯಾಲೆ ನಿಂತು ಬೀಳಗಿ, ಬನಹಟ್ಟಿ, ಬಾಗಲಕೋಟಿ ಅಂತ ಮೈಕಿನ್ಯಾಗ ಒದರ್ಯಾರ, ಕಾಲಿಗೆ ಸುದ್ದೀನ ಇಲ್ಲ. ಹೆಬ್ಬಟ್ಟಿನ ಬುಡಕ ತೂತು ಬಿದ್ದೈತಿ. ಕಾಕು ಸೆರಗು ಬಾಯಿಗೆ ಹಚ್ಚಿ ಅಳಾಕ ಹತ್ತಿದ್ರು. ಕಾಕಾ ನಟ್ಟು ಎತ್ತಿ ಲೈಟಿಗೆ ಹಿಡದು ನೋಡಿದ್ರು.

"ಯಾವ ಗಾಡೀದಲೇ ಇದು?"

ಮರುದಿನ ಡಿಪೋಕ್ಕ ಹೋಗಿ, ನಟ್ಟು ಕಳಕೊಂಡ ಗಾಡಿ ಹುಡುಕಿ, ಅದರ ಮೆಕ್ಯಾನಿಕ್‌ನ ಚಳಿ ಬಿಡಿಸಿ ಬಂದ್ರು. ದವಾಖಾನಿಗೆ ಹೋಗಿದ್ದು? ಮುಂದಿನ ವಾರ!

ಅಷ್ಟೊತ್ತಿಗೆ ಗಾಯ ಕೀವಾಗಿತ್ತು. ಮಾಯಲಿಲ್ಲಂದ್ರ ಬೆರಳು ತಗೀಬೇಕಾಗ್ತೈತಿ ಅಂದ್ರು ಡಾಕ್ಟರು. ಕಾಕಾ ಮನಿಗೆ ಬಂದು ಗಾಯ ಯಾಕ ಮಾಯವಲ್ದು ಹೇಳಲೇ ಅಂತ ನನ್ನ ಹಿಡಕೊಂಡ್ರು. ನಾ ಆಗ ಜಮಖಂಡಿ ಕಾಲೇಜಿನ್ಯಾಗ ಬಿ.ಎಸ್ಸಿ. ಎರಡನೇ ವರ್ಷ ಎರಡನೇ ಸಲ ಓದಾಕತ್ತಿದ್ದೆ. ಅಂದ್ರ ಒಂದೊಂದು ಪಾಠ ನನ್ನಷ್ಟು ಓದಿದಾವ ನಮ್ಮ ಓಣ್ಯಾಗ ಯಾರೂ ಇದ್ದಿಲ್ಲ. ಎದಿ ಉಬ್ಬಿಸಿ ಹೇಳಿದೆ: ರಕ್ತದಾಗ ಬಿಳಿ ಕಣ ಇರ್ತಾವರಿ, ಗಾಯ ಆದಲ್ಲಿ ಓಡಿ ಬಂದು ಹೊಲಸು ತಿಂದು ಸ್ವಚ್ಛ ಮಾಡೂದು ಅವುಗಳ ಕೆಲಸ. ಈ ಬ್ಯಾನ್ಯಾಗ ಅವುಗಳ ಹೊಟ್ಟ್ಯಾಗ ಕೊಬ್ಬಿನ ಹನಿ ತುಂಬಿ, ನೊರಿಯಂಗ ಉಬ್ಬಿ, ಜಡ ಆಗ್ತಾವು. ಗಾಯ ಮಾಯಿಸೂದು ಬಿಟ್ಟು ಅಲ್ಲೇ ಉರಿ ಎಬ್ಬಿಸ್ಕೋತ ಕುಂದರತಾವು.

ಕಾಕಾನ ಮಾರಿ ಕೆಂಪಾತು.

"ಅಂದ್ರ ನನ್ನ ಮೈಯಾಗಿನ ಸ್ಟಾಫು ಉಂಡು ರೆಸ್ಟ್ ರೂಮಿನ್ಯಾಗ ಮಕ್ಕೊಂಡೈತಿ ಅನ್ನು."

ಹೂಂ ಅಂದುಬಿಟ್ಟೆ. ಮರುದಿನ ಬಚ್ಚಲದಿಂದ ಕಾಕಾನ ಬಸ್‌ಸ್ಟ್ಯಾಂಡಿನ ದನಿ ಕೇಳಿಬಂತು. ಎಡಗಾಲ ಹೆಬ್ಬಟ್ಟಿನ ಡ್ಯೂಟಿಗೆ ಬರದ ಸಿಬ್ಬಂದಿ ಕೂಡಲೇ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಶಿಸ್ತಿನ ಕ್ರಮ! ಬಾಜೂ ಮನಿಯವರು ಹಿತ್ತಲಕ್ಕ ಬಂದು ನಿಂತು ಕೇಳಿದ್ರು.

ಅವತ್ತಿಂದ ಮನ್ಯಾಗ ಎಣ್ಣಿ ಬಂದ್. ಒಗ್ಗರಣಿ ಬಂದ್. ಶೇಂಗಾ ಹಿಂಡಿ ಗಡೀಪಾರು. ಎಣ್ಣಿ ಬದನಿಕಾಯಾಗಿನ ಎಣ್ಣಿ ಹೋಗಿ ಬರೇ ಬದನಿಕಾಯಿ ಉಳೀತು. ಬ್ಯಾನಿ ಅವರಿಗೆ, ಉಪವಾಸ ನಮಗ! ಹೋಗ್ಲಿ ಅಂತ ತಡಕೊಂಡೆ. ಆದ್ರ ಒಂದಿನ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡ್ತೀನಿ, ಬಂದ ಬಂದ ಡ್ರೈವರ ಜೋಡಿ ಕಾಕಾ ಅಂಟು ಅಂಟು ಸಕ್ಕರಿ ಚಾ ಕುಡ್ಯಾಕತ್ತಾರ. ನನ್ನ ತಲಿ ಕೆಟ್ಟು ಹೋತು. ಇದೇನ್ರಿ ಕಾಕಾ ಅಂದೆ.

"ಚಾದಾಗ ಸಕ್ಕರಿ ಐತಿ, ಕೊಬ್ಬು ಎಲ್ಲೈತಿ? ಕಬ್ಬು ಹಿಂಡಿದ್ರ ಎಣ್ಣಿ ಬರ್ತೈತೇನಲೇ?"

ಏನು ಹೇಳ್ತೀರಿ ಇದಕ್ಕ? ಸುತ್ತ ನಾಕೂ ದಿಕ್ಕಿಗೆ ಕಾರ್ಖಾನಿ, ರಾತ್ರಿ ಹಗಲು ಕಬ್ಬು ಹಿಂಡ್ತಾವು, ಒಂದು ಹನಿ ಎಣ್ಣಿ ಬಂದದ್ದನ್ನ ಯಾರೂ ಕಂಡಿಲ್ಲ. ಮಾರಿ ಸಣ್ಣದು ಮಾಡ್ಕೊಂಡು ಕಾಲೇಜಿನ ಸರ್‌ನ್ನ ಕೇಳಿದೆ. ಇದನ್ನ ಹೋದ ವರ್ಷಾನ ಕೇಳಿದ್ರ ಪಾಸಾದ್ರೂ ಆಗ್ತಿದ್ದೆಲ್ಲೋ ಅಂತ ಬೈದು, ಆಮ್ಯಾಲೆ ತಿಳಿಸಿ ಹೇಳಿದ್ರು. ಓಡಿ ಬಂದು ಕಾಕಾಗ ಒಪ್ಪಿಸಿದೆ.

"ರಕ್ತದಾಗ ಹೆಚ್ಚಾದ ಸಕ್ಕರೀನ ಆ ಕಣದ ಒಳಗ ಹೋಗಿ ಕೊಬ್ಬು ಆಗ್ತೈತ್ರಿ ಕಾಕಾ. ಸ್ಟಾಫಿಗೆ ತಿನಿಸಿ ಮಲಗಿಸಿದವರು ನೀವ."

ಕಾಕಾ ಕಪ್ಪು ಕೆಳಗಿಟ್ರು. ಸಿಟ್ಟು ಮಾಡ್ಕೋಳಾಕ ಅತ್ತಾಗಿತ್ತಾಗ ಯಾರನ್ನೋ ಹುಡುಕಿದ್ರು, ಯಾರೂ ಸಿಗಲಿಲ್ಲ. ಅವತ್ತಿಂದ ಸಪ್ಪನ್ನ ಚಾ, ಹೇಳಿದ ಹೊತ್ತಿಗೆ ಗುಳಿಗಿ. ಗಾಯ ನೋಡಿದ್ರ ಕಾಕೂಗ ಚಕ್ಕರ್ ಬರ್ತಿತ್ತು, ಹಿಂಗಾಗಿ ದಿನಾ ಪಟ್ಟಿ ಬದಲಿಸೂದು ನನಗ ಬಂತು. ನನ್ನ ಕೈಯಾಗ ಪಟ್ಟಿ ಒಮ್ಮೊಮ್ಮೆ ಒಳ್ಳೇ ಬೆರಳಿಗೂ ಸುತ್ತಿಕೋತಿತ್ತು. ಕಾಕಾ ಬೈತಿದ್ರು, ನಾನೂ ತಿರುಗಿ ಗೊಣಗತಿದ್ದೆ.

ಬೆರಳು ಉಳಿಸೂದೋ ತಗಿಯೂದೋ ಸೋಮವಾರ ಹೇಳ್ತೀವಿ ಅಂದಿದ್ರು ಡಾಕ್ಟರು. ಕಣ್ಣು ಮುಚ್ಚಿಸಿ, ಹತ್ತಿಯಿಂದ ಬೆರಳು ಮುಟ್ಟಿ, ಗೊತ್ತಾಗ್ತೈತೇನು ಕೇಳಿಕೊಂಡು ಬಾ ಅಂತ ನನಗ ಹೇಳಿ ಕಳಿಸಿದ್ರು. ಸೋಮವಾರ ಮುಂಜಾನಿ ಕಾಕಾ ಖುರ್ಚಿ ಮ್ಯಾಲೆ ಕುಂತು ಕಾಲು ನನ್ನ ತೊಡಿ ಮ್ಯಾಲಿಟ್ರು. ಗಾಯದ ಅಂಚು ಕೆಂಪಗ ಕಾಣ್ತಿತ್ತು. ಅದು ಚಲೋ ಕೆಂಪೋ ಕೆಟ್ಟ ಕೆಂಪೋ, ಎರಡು ಸಲ ಓದಿದ್ರೂ ನನಗ ತಿಳೀಲಿಲ್ಲ. ಹತ್ತಿ ಹಿಡಕೊಂಡು ಕುಂತೆ, ಮೂಗು ಸೋರಾಕತ್ತು. ಕಾಕಾ ಕಣ್ಣು ಮುಚ್ಚಿದ್ರು. ಸ್ವಲ್ಪ ಹೊತ್ತಿನ ಮ್ಯಾಲೆ ಮೆಲ್ಲಕ ನನ್ನ ತಲಿ ಮ್ಯಾಲೆ ಕೈಯಿಟ್ರು.

"ಹೂಂ, ಗೊತ್ತಾತು. ಮೆತ್ತಗೈತಿ. ಅಳಬ್ಯಾಡ ಮಗನ."

ಹತ್ತಿ ಇನ್ನೂ ನನ್ನ ಕೈಯಾಗ ಇತ್ತು. ನಾ ಇನ್ನೂ ಮುಟ್ಟೇ ಇದ್ದಿಲ್ಲ.