ಪೈಲಟ್ ಪಕ್ಷದ ಏಕಮಾತ್ರ ಸದಸ್ಯ

ನಮ್ಮ ಮಾವನಂಥ ಪುಕ್ಕಲರನ್ನು ನೀವು ಎಲ್ಲೂ ನೋಡಿರಲಾರಿರಿ. ಈ ಮಾತನ್ನು ನಾನು ಅವರ ಎದುರಿಗೇ ಹೇಳಿದ್ದೆ. ಅವರು ತಕ್ಷಣ ಒಪ್ಪಿಕೊಂಡು, "ಮೆಲ್ಲಗೆ ಏಳು ಅಮ್ಮಣ್ಣಿ, ಯಾರಾನಾ ಕೇಳಿಸ್ಕೊಂಡಾರು" ಎಂದು ಅದಕ್ಕೂ ಹೆದರಿದ್ದರು!

ಅವರಿಗೆ ಹಲ್ಲಿಯೆಂದರೆ ಭಯ, ಗುಡುಗೆಂದರೆ ಭಯ, ಪೋಸ್ಟ್‌ಮ್ಯಾನ್ ಎಂದರಂತೂ ಇನ್ನೂ ಭಯ. ಬಲ್ಬು ಬದಲಾಯಿಸಬೇಕಾದರೆ ಸ್ಟೂಲು ಹತ್ತುವವರು ಅತ್ತೆ. ಮಾವ ಸ್ಟೂಲಿನ ಕಾಲು ಹಿಡಿದುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಇಂಥವರ ಉದ್ಯೋಗ ಏನಿರಬಹುದು ಹೇಳಿ? ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್! ಅಂದರೆ ದಿನಾ ನೂರಾರು ಜನರನ್ನು ಕಬ್ಬಿಣದ ಕೇಜಿನಲ್ಲಿ ತುಂಬಿ, ಉಕ್ಕಿನ ಹಗ್ಗದ ತುದಿಯಲ್ಲಿ ಪಾತಾಳಕ್ಕೆ ಇಳಿಸಿ, ಮತ್ತೆ ಎಳೆದು ತರುವ ಕೆಲಸ. ಕೆಲಸಕ್ಕೆ ಆರಿಸಿದವರು ಇವರ ಮುಖ ನೋಡಿದ್ದರೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ.

ಮಾವ ನನ್ನ ತಾಯಿಯ ತಮ್ಮ. ಬೇತಮಂಗಲದ ಪಕ್ಕದ ಹಳ್ಳಿಯಲ್ಲಿ ರಾಗಿ ಹೊಲ ಬಿಟ್ಟು ಗಣಿ ಸೇರಿದವರು. ನನಗೆ ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿದಾಗ ಗಣಿ ಕಾಲೊನಿ ಚಾಂಪಿಯನ್ ರೀಫ್ಸ್‌ನ ಅವರ ಪುಟ್ಟ ಕ್ವಾರ್ಟರ್ಸಿನಲ್ಲಿ ನನ್ನ ವಾಸ್ತವ್ಯವಾಯಿತು. ಭಾನುವಾರ ಟೀವಿ ಹಚ್ಚಿದರೆ ಬೀದಿಯೆಲ್ಲ ನಿಶ್ಶಬ್ದವಾಗುತ್ತಿದ್ದ ಕಾಲ ಅದು.

ಮಾವನ ಕೆಲಸದ ವಿಚಾರ ಒಂದಿಷ್ಟು ಹೇಳಲೇಬೇಕು. ಎಂಜಿನ್ ಮನೆಯಲ್ಲಿ ಲಿವರ್ ಹಿಡಿದು ಕೂತವನಿಗೆ ಕೇಜೂ ಕಾಣಿಸುವುದಿಲ್ಲ, ಅದರಲ್ಲಿರುವವರ ಮುಖವೂ ಕಾಣಿಸುವುದಿಲ್ಲ. ಎಲ್ಲಾ ಗಂಟೆಯ ಮೇಲೆ. ಕೆಳಗಿನ ಮೇಸ್ತ್ರಿ ಮೂರು ಹೊಡೆದರೆ ಕೇಜಿನಲ್ಲಿ ಜನ ಇದ್ದಾರೆ ಎಂದರ್ಥ. ಆಮೇಲೆ ಒಂದು ಹೊಡೆದರೆ ಮೇಲಕ್ಕೆ ಎಳಿ, ಎರಡಾದರೆ ಕೆಳಕ್ಕೆ ಬಿಡು. ಕಾಣದವನ ಗಂಟೆಯನ್ನು ನಂಬಿ ಇವನು ಎಳೆಯಬೇಕು, ಕಾಣದವನ ಕೈಯನ್ನು ನಂಬಿ ಅವರು ನಿಲ್ಲಬೇಕು.

ಈ ಅಭ್ಯಾಸವನ್ನು ಮಾವ ಮನೆಗೂ ತಂದಿದ್ದರು. ನಾನು ಸ್ನಾನಕ್ಕೆ ಹೋದರೆ ಬಾಗಿಲಾಚೆ ಕೆಮ್ಮು. "ಅಮ್ಮಣ್ಣಿ, ಎಲ್ಲಾ ಸರಿಗೈತಾ?" ನಾನು ಚೆಂಬಿನಿಂದ ಬಕೆಟ್ಟಿಗೆ ಒಂದು ಬಡಿಯಬೇಕು. ಬಡಿಯದಿದ್ದರೆ ಅಗುಳಿ ಮುರಿಯಲು ಪಕ್ಕದ ಮನೆಯವರನ್ನು ಕರೆತರುವ ಮನುಷ್ಯ! ಸೋಪು ಕಣ್ಣಿಗೆ ಹೋದರೂ ನಾನು ಚೆಂಬು ಬಿಡುತ್ತಿರಲಿಲ್ಲ.

ಒಮ್ಮೆ ಬೇತಮಂಗಲದ ಬಸ್ಸಿನಲ್ಲಿ ಹೋಗುತ್ತಿದ್ದೆವು. ನಡುವೆ ಒಂದು ಕಡೆ ಅಜ್ಜಿಯೊಬ್ಬಳು ಇಳಿದಳು. ಕಂಡಕ್ಟರು ಸೀಟಿ ಊದುವಷ್ಟರಲ್ಲಿ ಮಾವ ಎದ್ದು ನಿಂತು, "ನಿಲ್ಸಪ್ಪೋ! ಒಬ್ರು ಕೆಳಗವ್ರೆ!" ಎಂದು ಕೂಗಿದರು. ಬಸ್ಸು ನಿಂತಿತು. ಅಜ್ಜಿ ಬರಲಿಲ್ಲ. ಮಾವ ಇಳಿದು ಹುಣಸೆ ತೋಪಿನೊಳಕ್ಕೆಲ್ಲ ಹುಡುಕಿದರು. ಕಾಲು ಗಂಟೆಯ ಮೇಲೆ ಅಜ್ಜಿ ಸಿಕ್ಕಳು. ತನ್ನ ಮನೆ ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು! "ಅಯ್ಯೋ, ಇದೇ ಕಣಪ್ಪಾ ನಮ್ಮೂರು!" ಎಂದಳು. ಕಂಡಕ್ಟರು ಮಾವನನ್ನು ತೆಲುಗಿನಲ್ಲಿ ಬೈದ, ಡ್ರೈವರು ತಮಿಳಿನಲ್ಲಿ. ಮಾವ ಎರಡಕ್ಕೂ ಕೈ ಮುಗಿದು ನೆಮ್ಮದಿಯಿಂದ ಕೂತರು.

ಈಗ ಟೀವಿಗೆ ಬರೋಣ. ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಟೀವಿ ಇದ್ದದ್ದು ಒಬ್ಬರದೇ ಮನೆಯಲ್ಲಿ, ನಮ್ಮ ಗೋಡೆಯಾಚೆಯವರದು. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಸ್ತ್ರಿ ಎಂದೇ. ಮನೆಮಾತು ತಮಿಳು, ಜಗಳಕ್ಕೆ ಕನ್ನಡ. ಹಿಂದೆ ಗಣಿಯ ತಳದಲ್ಲಿ ಗಂಟೆ ಹೊಡೆಯುತ್ತಿದ್ದವರು. ಈಗ ಬಲಗಾಲು ಮಡಚಲು ಬಾರದೆ ಮೇಲಿನ ಆಫೀಸಿನಲ್ಲಿ ಹಗುರದ ಕೆಲಸ. ಮಾವನಿಗೆ ಅವರ ಮೇಲೆ ಅದೆಷ್ಟು ಮರ್ಯಾದೆ! ಊರಿನಿಂದ ಅವರೆಕಾಯಿ ಬಂದರೆ ಮೊದಲ ಮೂಟೆ ಅವರಿಗೆ. ಅವರು ಹಗಲನ್ನು ರಾತ್ರಿ ಎಂದರೂ ಮಾವ "ಊಂ ಅಣ್ಣ" ಎನ್ನುತ್ತಿದ್ದರು. ಆದರೆ ಮಾತಾಡುವಾಗ ಅವರ ಮುಖ ನೋಡುತ್ತಿದ್ದರೇ ಹೊರತು ಕಣ್ಣು ಎಂದೂ ಕೆಳಗೆ, ಆ ಕಾಲಿನ ಕಡೆಗೆ ಇಳಿಯುತ್ತಿರಲಿಲ್ಲ. ನಾನು ಇದನ್ನೂ ಪುಕ್ಕಲುತನದ ಲೆಕ್ಕಕ್ಕೇ ಹಾಕಿದ್ದೆ.

ಆ ವರ್ಷ ಭಾನುವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ ಶುರುವಾಯಿತು. ಆಕಾಶದ ಹಡಗು, ಅದರಲ್ಲಿ ಏಳು ಜನ. ಎಲ್ಲರಿಗೂ ಬಿಸ್ಕತ್ತಿನ ಪೊಟ್ಟಣದ ಬೆಳ್ಳಿ ಕಾಗದದಲ್ಲಿ ಹೊಲಿದಂಥ ಅಂಗಿ. ನಮ್ಮ ಸಾಲಿನಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಆದ್ದರಿಂದ ಕಥೆ ಎಲ್ಲರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು! ಕ್ಯಾಪ್ಟನ್ ಬಂದರೆ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಆಗ ನನಗೆ ಇಪ್ಪತ್ತೆರಡು ವರ್ಷ, ಕ್ಷಮಿಸಿ.

ಹೀಗಿರುವಾಗ ಬಂತು ಆ ಕಂತು. ಕ್ಯಾಪ್ಟನ್ ಮತ್ತು ಇನ್ನಿಬ್ಬರು ಒಂದು ಕತ್ತಲೆಯ ಗ್ರಹಕ್ಕೆ ಇಳಿದರು. ಪೈಲಟ್ ಹಡಗಿನಲ್ಲೇ ಕೂತಿದ್ದ. ಇದ್ದಕ್ಕಿದ್ದಂತೆ ನೆಲ ನಡುಗಿ ಮೇಲಿನಿಂದ ಬಂಡೆಗಳು ಉರುಳತೊಡಗಿದವು. ಪೈಲಟ್ ಒಂದು ಕ್ಷಣ ಕೆಳಗೆ ನೋಡಿದ, ಬೆವರು ಒರೆಸಿಕೊಂಡ, ಲಿವರ್ ಎಳೆದ. ಹಡಗು ಮೇಲೆದ್ದಿತು. ಮೂವರು ಕೆಳಗೇ ಉಳಿದರು! ಅಷ್ಟರಲ್ಲಿ ಕಂತು ಮುಗಿಯಿತು.

"ದ್ರೋಹಿ!" ಎಂದು ಮೇಸ್ತ್ರಿ ಕುರ್ಚಿಯ ಕೈ ಕುಟ್ಟಿದರು. "ಉಪ್ಪು ತಿಂದ ಮನೆಗೆ ದ್ರೋಹ ಮಾಡ್ದ, ಪಾವಿ!"

"ದ್ರೋಹಿ!" ಎಂದು ಮೂವತ್ತು ಜನ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಕ್ಯಾಪ್ಟನ್ ಕೆಳಗಿದ್ದನಲ್ಲ!

ಆಗ ಹಿಂದಿನಿಂದ ಒಂದು ಸಣ್ಣ ದನಿ. "ಅವ್ನ್ ಏನ್ ಮಾಡ್ತಾನೆ ಪಾಪ? ಅವ್ನಿಗೆ ಕಾಣ್ಬೇಕಲ್ಲ?"

ತಿರುಗಿ ನೋಡಿದೆವು. ಮಾವ! ಮೇಸ್ತ್ರಿಯ ಮಾತಿಗೆ ಎದುರಾಡಿದ ಮಾವ! ಬಲಗೈ ಮಡಿಲಲ್ಲಿ ಏನನ್ನೋ ಹಿಡಿದಂತೆ ಬಿಗಿದಿತ್ತು.

ಅವತ್ತಿನಿಂದ ನಮ್ಮ ಸಾಲು ಎರಡು ಪಕ್ಷವಾಯಿತು. ಒಂದು ಕಡೆ ಇಡೀ ಸಾಲು, ಇನ್ನೊಂದು ಕಡೆ ಮಾವ. ನಲ್ಲಿಯ ಹತ್ತಿರ, ರೇಷನ್ ಅಂಗಡಿಯಲ್ಲಿ, ಮೂರು ಭಾಷೆಗಳಲ್ಲಿ ಅದೇ ಚರ್ಚೆ. ನಿಯತ್ತು ಎಂದರೇನು? ಜೊತೆಗೆ ಸಾಯುವುದೇ, ಉಳಿದ ನಾಲ್ವರನ್ನು ಬದುಕಿಸುವುದೇ? ಅತ್ತೆಯ ತೀರ್ಪು ಬೇರೆ. "ಎಂಡ್ರಿಲ್ದೆ ಓದ್ರೆ ಇಂಗೇ ಆಗೋದು. ಒಬ್ಳು ಎಂಗ್ಸು ಇದ್ದಿದ್ರೆ ತಲೆ ಎಣಿಸ್ತಿದ್ಳು."

ಮೇಸ್ತ್ರಿ ದಿನಾ ಸಂಜೆ ಜಗುಲಿಯ ಮೇಲೆ ಕೂತು ಪೈಲಟ್‌ಗೆ ಶಿಕ್ಷೆ ವಿಧಿಸುತ್ತಿದ್ದರು. ಗಲ್ಲು, ಗಡೀಪಾರು, ಒಂದು ದಿನವಂತೂ ಬಿಸಿ ಎಣ್ಣೆ! ಗೋಡೆಯ ಈಚೆ ಮಾವನ ಕೈಯಲ್ಲಿ ಮುದ್ದೆ ಹಾಗೇ ಉಳಿಯುತ್ತಿತ್ತು. ನನಗೆ ನಗು. ಒಂದು ಧಾರಾವಾಹಿಗೆ ಇಷ್ಟು ಹೆದರುವುದೇ?

ಬುಧವಾರ ಮಾವ ಕೆಲಸಕ್ಕೆ ಹೋಗಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ನಾನು ಶಾಲೆಯಿಂದ ಬಂದಾಗ ಒಂದು ಬಿಳಿ ಹಾಳೆ ತಂದು ಮುಂದಿಟ್ಟರು.

"ಅಮ್ಮಣ್ಣಿ, ಕೆಲ್ಸ ಬಿಡ್ತೀನಿ ಅಂತ ಇಂಗ್ಲೀಷಲ್ಲಿ ಬರ್ಕೊಡು. ಸೋಮವಾರ ಕೊಟ್ಬತ್ತೀನಿ."

"ಕಾರಣ ಏನಂತ ಬರೀಲಿ ಮಾವ?"

"ಭಯ ಅಂತ ಬರಿ."

ನಕ್ಕುಬಿಟ್ಟೆ. ಅವರು ನಗಲಿಲ್ಲ. ಲಿವರ್ ಹಿಡಿಯುವ ಆ ದೊಡ್ಡ ಕೈಗಳಿಂದ ಹಾಳೆಯನ್ನು ನನ್ನ ಕಡೆ ಸರಿಸಿದರು. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ, ಊರಿನ ಹೊಲ ಅಣ್ಣಂದಿರಲ್ಲಿ ಹಂಚಿ ಹೋಗಿದೆ. ಅದೆಲ್ಲ ಗೊತ್ತಿದ್ದೂ ಮನುಷ್ಯ ಕೇಳುತ್ತಿದ್ದಾರೆ. ನನಗೂ ಅಂದು ಮೊದಲ ಸಲ ಹೆದರಿಕೆಯಾಯಿತು. ಬರೆದುಕೊಟ್ಟೆ.

ಅಡಿಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಅತ್ತೆ ದನಿ ತಗ್ಗಿಸಿ ಹೇಳಿದರು. ಹನ್ನೊಂದು ವರ್ಷದ ಹಿಂದೆ ಗಣಿಯೊಳಗೆ ಬಂಡೆ ಸಿಡಿದಿತ್ತಂತೆ. ಅಂಥ ಸಿಡಿತ ಅಲ್ಲಿನವರಿಗೆ ಹೊಸದಲ್ಲ. ಭೂಮಿ ಗುಡುಗುತ್ತದೆ, ಗೂಡಿನ ಪಾತ್ರೆ ಉರುಳುತ್ತದೆ, ಹೆಂಗಸರೆಲ್ಲ ಕೇಜು ಇಳಿಯುವ ಶಾಫ್ಟಿನ ಬಾಯಿಗೆ ಓಡುತ್ತಾರೆ. ಅವತ್ತು ಲಿವರಿನ ಹತ್ತಿರ ಇದ್ದವರು ಮಾವ, ತಳದಲ್ಲಿ ಗಂಟೆಯ ಹತ್ತಿರ ಮೇಸ್ತ್ರಿ. ಕೊನೆಯ ಸಲಕ್ಕೆ ಗಂಟೆ ಹೊಡೆದು ಮೇಸ್ತ್ರಿಯೂ ಹತ್ತಿಬಿಡುವುದು ವಾಡಿಕೆ. ಗಂಟೆ ಬಂತು. ಮಾವ ಎಳೆದರು. ಮೇಲೆ ಬಂದ ಕೇಜಿನಲ್ಲಿ ಹನ್ನೆರಡು ಜನ ಇದ್ದರು. ಮೇಸ್ತ್ರಿ ಇರಲಿಲ್ಲ. ಅಷ್ಟರಲ್ಲಿ ಕೆಳಗೆ ದಾರಿ ಮುಚ್ಚಿಹೋಗಿತ್ತು. ಅವರನ್ನು ಹೊರಗೆ ತೆಗೆದದ್ದು ಮಾರನೆಯ ದಿನ, ನುಜ್ಜಾದ ಕಾಲಿನೊಂದಿಗೆ.

"ಆವಣ್ಣ ಅತ್ತೋಕ್ ಮುಂಚೇನೇ ಎಳ್ದುಬಿಟ್ಟೆ ಅಂತ ಇವ್ರ ಮನಸ್ನಾಗೆ ಕೂತ್ಬಿಟ್ಟೈತೆ," ಎಂದರು ಅತ್ತೆ. "ಒಂದಿನಾನೂ ಕೇಳಿಲ್ಲ. ಕೇಳಿದ್ರೆ ಊಂ ಅಂದ್ಬಿಟ್ರೆ ಅಂತ ಭಯ."

ಬಸ್ಸಿನ ಅಜ್ಜಿ, ಬಚ್ಚಲಿನ ಕೆಮ್ಮು ಎಲ್ಲಾ ಒಟ್ಟಿಗೆ ನೆನಪಾದವು. ಗೋಡೆಯಾಚೆ ಮೇಸ್ತ್ರಿ ಆಗಲೂ ಪೈಲಟ್‌ನನ್ನು ಗಲ್ಲಿಗೇರಿಸುತ್ತಲೇ ಇದ್ದರು.

ಭಾನುವಾರ ಬಂತು. ಮಾವ ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಬಾಗಿಲ ಪಕ್ಕ ನಿಂತುಕೊಂಡರು. ಹಡಗು ಕಾಣಿಸಿತು, ಪೈಲಟ್ ಕಾಣಿಸಿದ. ಮೇಸ್ತ್ರಿ ಶುರು ಮಾಡಿಯೇಬಿಟ್ಟರು.

"ಬಂದ ನೋಡು, ದ್ರೋಹಿ!"

"ಅಣ್ಣ," ಎಂದರು ಮಾವ. "ನಂಗೇ ಬೈದ್ಬಿಡು ಅಣ್ಣ. ಆವಯ್ಯನ್ನ ಮಧ್ಯಕ್ಕೆ ಇಟ್ಕೊಂಡು ಯಾಕೆ ಬೈತೀಯ? ನೀನು ಅತ್ತೋಗಂಟ ನಾನು ಕಾಯ್ಬೇಕಿತ್ತು. ಕಾಯ್ಲಿಲ್ಲ. ನಾನೇ ದ್ರೋಹಿ."

ಮೇಸ್ತ್ರಿ ನಿಧಾನವಾಗಿ ಎದ್ದು ಟೀವಿ ಆರಿಸಿದರು.

"ಡೇಯ್ ತಂಬಿ, ಏನ್ ಮಾತಾಡ್ತೀಯ ನೀನು? ನಾನ್ ಎಲ್ಲಿ ಅತ್ತೋಕೆ ಓದೆ? ಕೇಜ್ ತುಂಬ ಏಟು ಬಿದ್ದೋರು. ಕಾಲಿಡೋಕೆ ಜಾಗ ಇರ್ಲಿಲ್ಲ. ಆಚೆ ನಿಂತ್ಕೊಂಡೇ ಒಡ್ದೆ ಗಂಟೆ. ಎಳೀಲಿ ಅಂತಾನೇ ಒಡ್ದೆ!"

"ಆಚೆ ನಿಂತ್ಕೊಂಡಾ?"

"ಊಂ. ನೀನ್ ಇನ್ನೊಂದ್ ಗಳಿಗೆ ಕಾದಿದ್ರೆ ಅನ್ನೆರಡೂ ಜನ ಅಲ್ಲೇ ಮಣ್ಣು. ಗಂಟೆ ಕೊಟ್ಟೆ, ನೀನು ಎಳ್ದೆ. ಈ ಪೈಲಟ್‌ಗೆ ಗಂಟೆ ಯಾರಪ್ಪ ಕೊಟ್ರು? ಯಾರೂ ಕೊಡ್ಲಿಲ್ಲ! ಅದಕ್ಕೇ ನಾನು ಬೈಯೋದು."

"ಮತ್ತೆ ಇಷ್ಟು ವರ್ಷ ಯಾಕೆ ಏಳ್ಲಿಲ್ಲ ಅಣ್ಣ?"

"ನಿಂಗೆ ಗೊತ್ತು ಅನ್ಕೊಂಡಿದ್ದೆ," ಎಂದರು ಮೇಸ್ತ್ರಿ. "ನಾನು ಮೇಲೆ ಬಂದು ಅನ್ನೊಂದು ವರ್ಷ ಆಯ್ತು. ನೀನು ಇನ್ನೂ ಅಲ್ಲೇ ಕೂತಿದೀಯಾ?"

ಪೈಲಟ್ ಏನಾದ, ನನ್ನ ಕ್ಯಾಪ್ಟನ್ ಬದುಕಿದನೇ? ನಮ್ಮ ಸಾಲಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಧಾರಾವಾಹಿಗಾಗಿ ಟೀವಿ ಮತ್ತೆ ಹಚ್ಚಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅತ್ತೆ ಸದ್ದಿಲ್ಲದೆ ಮನೆಗೆ ಹೋಗಿ, ಯಾರ ಅಪ್ಪಣೆಯನ್ನೂ ಕೇಳದೆ, ನಾನು ಬರೆದ ಅರ್ಜಿಯನ್ನು ಒಲೆಗೆ ಹಾಕಿ ಬಂದರು.

ಅವರು ಬರುವಷ್ಟರಲ್ಲಿ ಮಾವ ಮೇಸ್ತ್ರಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದರು. ಆ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟರು.

"ನೋಯ್ತದಾ ಅಣ್ಣ?"

"ಚಳಿಗಾಲದಾಗೆ ಒಸಿ," ಎಂದರು ಮೇಸ್ತ್ರಿ.