ವಾಡಿ ಜಂಕ್ಷನ್ನಿನಲ್ಲಿ ಮೂರು ಉಸಿರು

ಇಪ್ಪತ್ತು ವರ್ಷಗಳಿಂದ ನಾನು ವಾಡಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಊರಿನ ಯಾವ ಗಟಾರು ಯಾವಾಗ ಉಕ್ಕಿತು ಎಂಬುದನ್ನು ದಿನಾಂಕ ಸಹಿತ ಹೇಳಬಲ್ಲೆ. ನನ್ನ ಕನ್ನಡಕ ಎಲ್ಲಿದೆ ಎಂಬುದನ್ನು ಮಾತ್ರ ಹೆಂಡತಿ ಮಹಾದೇವಿಯೇ ಹೇಳಬೇಕು. ಈ ವಿಷಯ ಕೊನೆಗೆ ಕಲಬುರಗಿಯ ವೈದ್ಯರ ತನಕ ಹೋಗಿ, ನಲವತ್ತಾರನೇ ವಯಸ್ಸಿನಲ್ಲಿ ನನಗೆ ಎಡಿಎಚ್‌ಡಿ ಇದೆ ಎಂಬುದು ಅಧಿಕೃತವಾಗಿ ದೃಢಪಟ್ಟಿತು. ಅಂದರೆ ಗಮನ ಒಂದು ಕಡೆ ನಿಲ್ಲದ ಸ್ಥಿತಿ.

ಮಹಾದೇವಿ ಚೀಟಿ ನೋಡಿದಳು. "ಇದಕ್ಕ ಇಷ್ಟು ಚಂದ ಹೆಸರೈತೇನ್ರಿ? ನಾ ಇಷ್ಟು ವರ್ಷ ಬ್ಯಾರೆ ಬ್ಯಾರೆ ಹೆಸರಿಟ್ಟು ಬೈದೆ."

ಗುಳಿಗೆ ಬರೆದುಕೊಟ್ಟ ಡಾಕ್ಟರಮ್ಮ ಅದರ ಜೊತೆಗೆ ಒಂದು ಅಭ್ಯಾಸವನ್ನೂ ಹೇಳಿದ್ದರು. "ದಿನಾ ನಾಕೈದು ಸಲ ಕಿವಿಗಿ ಬೀಳೋ ಒಂದು ಸಪ್ಪಳ ಆರಿಸ್ಕೊಳ್ರಿ. ಅದು ಕೇಳಿದ ಕೂಡ್ಲೇ ಕೆಲಸ ನಿಲ್ಲಿಸಿ ಮೂರು ಉಸಿರು ಗಮನಿಸ್ರಿ. ಆಮ್ಯಾಲೆ, ನಾ ಈಗ ಏನ್ ಮಾಡ್ಲಾಕತ್ತೀನಿ ಅಂತ ಕೇಳ್ಕೊಂಡು ಅದೊಂದೇ ಕೆಲಸ ಮಾಡ್ರಿ."

ಶಾಲೆಯ ಗಂಟೆಯನ್ನೋ ಗುಡಿಯ ಗಂಟೆಯನ್ನೋ ಆರಿಸುತ್ತೇನೆಂದು ಅವರ ಅಂದಾಜಿರಬೇಕು. ನಾನು ರೈಲಿನ ಹಾರ್ನ್ ಆರಿಸಿದೆ. ನನ್ನ ಮನೆ ವಾಡಿ ಜಂಕ್ಷನ್ನಿನ ಹಿಂದೆಯೇ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೊಳೆಯಲಿಲ್ಲ.

ವಾಡಿಗೆ ಮೂರು ದಿಕ್ಕಿನಿಂದ ರೈಲುಗಳು ಬರುತ್ತವೆ. ನಡುನಡುವೆ ಸಿಮೆಂಟು ಹೊತ್ತ ಗೂಡ್ಸ್ ಗಾಡಿಗಳು. ಎಲ್ಲವೂ ಕೂಗುತ್ತವೆ. ಮೊದಲ ದಿನ ಅರ್ಧ ಗಡ್ಡ ಬೋಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಉಳಿದರ್ಧವನ್ನು ಮರುದಿನಕ್ಕೆ ಮುಂದೂಡಲಾಯಿತು. ಮೂರನೇ ದಿನ ಸುದ್ದಿಗೋಷ್ಠಿಯೊಂದರಲ್ಲಿ ಹಾರ್ನ್ ಕೇಳಿತು. ನಾನು ಎದ್ದು ನಿಂತು ಕಣ್ಣು ಮುಚ್ಚಿದೆ. ಯಾರೋ ತೀರಿಕೊಂಡಿದ್ದಾರೆಂದು ಭಾವಿಸಿ ಉಳಿದವರೂ ಎದ್ದು ನಿಂತರು. ಮೌನಾಚರಣೆ ಶಿಸ್ತಿನಿಂದ ನೆರವೇರಿತು. ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ.

ಉಪಯೋಗವೂ ಆಯಿತೆನ್ನುವುದನ್ನು ಮರೆಮಾಚಬಾರದು. ಒಂದೇ ವಾರದಲ್ಲಿ ಮರೆತು ಉರಿಯಲು ಬಿಟ್ಟ ಒಲೆಯನ್ನು ಎರಡು ಸಲ ನಂದಿಸಿದೆ, ಕನ್ನಡಕವನ್ನು ನಾನೇ ಹುಡುಕಿಕೊಂಡೆ. ಹೀಗಾಗಿ ಮಹಾದೇವಿ ನನಗೊಂದು ದೊಡ್ಡ ಜವಾಬ್ದಾರಿ ವಹಿಸಿದಳು. ಅವಳ ತಾಯಿ ನಾಗಮ್ಮನವರನ್ನು ರೈಲಿನಿಂದ ಇಳಿಸಿಕೊಳ್ಳುವುದು.

ಇದು ಸಣ್ಣ ಕೆಲಸವಲ್ಲ. ಎರಡು ವರ್ಷದ ಹಿಂದೆ ಅವರನ್ನು ಕರೆತರಲು ಶಹಾಬಾದ್ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ದಾರಿಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಲಾರಿಯೊಂದು ಮಗುಚಿತ್ತು. ಫೋಟೊ ತೆಗೆದು, ಸುದ್ದಿ ಕಳಿಸಿ, ಸಮಾಧಾನದಿಂದ ಮನೆಗೆ ಬಂದೆ. ಅತ್ತೆ ನಿಲ್ದಾಣದಲ್ಲೇ ಮೂರು ತಾಸು ಕುಳಿತಿದ್ದರು. ಅಂದಿನಿಂದ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಈಗ ಮಗಳ ಓಲೈಕೆಗೆ ಒಪ್ಪಿದ್ದರು, ಒಂದು ಷರತ್ತಿನ ಮೇಲೆ. "ಮೊಣಕಾಲು ನೋಯ್ತಾವ. ಅಳಿಯಂದ್ರೇ ಬಂದು ಕೈ ಹಿಡಿದು ಇಳಿಸಬೇಕು. ಈ ಸಲಾನೂ ಮರೆತ್ರ ನಿಮ್ಮ ಹೊಸ್ತಿಲಾ ತುಳಿಯಾಂಗಿಲ್ಲ."

ಮಹಾದೇವಿ ಬಾಗಿಲಲ್ಲಿ ನಿಂತು, "ರೀ, ಒಂದೇ ಕೆಲಸ," ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಅರ್ಧ ಗಂಟೆ ಮೊದಲೇ ಹೋಗಿ, ಅತ್ತೆಯಿದ್ದ ಐದನೇ ಡಬ್ಬಿ ನಿಲ್ಲುವ ಜಾಗವನ್ನು ಚಹಾದ ಬಶೀರ್‌ಭಾಯಿಯನ್ನು ಕೇಳಿ ಖಚಿತಪಡಿಸಿಕೊಂಡು, ಕಂಬದಂತೆ ನಿಂತೆ.

ರೈಲು ಬಂತು. ಹಾರ್ನ್ ಹಾಕಿತು. ಕಣ್ಣು ಮುಚ್ಚಿದೆ. ಒಂದು, ಎರಡು, ಮೂರು. ಅಷ್ಟರಲ್ಲಿ ಪಕ್ಕದ ಹಳಿಯ ಗೂಡ್ಸ್ ಕೂಗಿತು. ಮತ್ತೆ ಮೂರು. ಆಚೆಯಿಂದ ಇನ್ನೊಂದು. ನನ್ನ ಏಕಾಗ್ರತೆ ಅಂದಿನಷ್ಟು ಎಂದೂ ಗಟ್ಟಿಯಾಗಿರಲಿಲ್ಲ. ನಾನು ಈಗ ಏನು ಮಾಡುತ್ತಿದ್ದೇನೆ ಎಂದು ಕೇಳಿಕೊಂಡೆ. ಅತ್ತೆಯನ್ನು ಇಳಿಸುತ್ತಿದ್ದೇನೆ. ಕಣ್ಣು ತೆರೆದೆ. ರೈಲಿನ ಬೆನ್ನು ಕಂಡಿತು.

"ಬಶೀರ್‌ಭಾಯಿ, ನಮ್ಮ ಅತ್ತಿ?"

"ಬಾಗಲದಾಗೇ ನಿಂತಿದ್ರಲ್ರಿ ಸರ. ಕೈ ಚಾಚಿ ಅಳಿಯಂದ್ರ ಅಂತ ಎರಡು ಸಲ ಕರೆದ್ರು. ನಾನೇ ಹೇಳ್ದೆ, ಅಮ್ಮಾ, ಸಾಹೇಬ್ರು ದುವಾ ಮಾಡ್ಲಾಕತ್ತಾರ, ನಡುವೆ ಮಾತಾಡಿಸಬಾರದು. ಅವ್ರೂ ಹೌದಪ್ಪಾ ಅಂತ ಕೈ ಮುಗಿದು ಸುಮ್ಮನಾದ್ರು."

ಫೋನ್ ಬಡಿದುಕೊಂಡಿತು. "ಅಳಿಯಂದ್ರ, ಪೂಜಿ ಮುಗೀತೇನ್ರಿ?"

"ಅತ್ತೀ, ಚಿತ್ತಾಪುರದಾಗ ಇಳೀರಿ, ಬರ್ಲಾಕತ್ತೀನಿ."

"ಅಲ್ಲಿ ನೀವಿರಾಂಗಿಲ್ಲ. ವಾಡ್ಯಾಗ ಇದ್ದೂ ಇರಲಿಲ್ಲ. ನಾ ಯಾವ ಧೈರ್ಯದ ಮ್ಯಾಲ ಇಳೀಲಿ?"

ಪ್ರಶ್ನೆ ನ್ಯಾಯವಾಗಿತ್ತು. ಮೋಟಾರ್ ಸೈಕಲ್ ಹತ್ತಿ ಚಿತ್ತಾಪುರಕ್ಕೆ ಹೋದೆ. ರೈಲು ಹೋಗಿತ್ತು, ಅತ್ತೆ ಇಳಿದಿರಲಿಲ್ಲ. ರೈಲು ಮುಂದೆ ನಿಲ್ಲುವ ಸೇಡಂನ ದಾರಿ ಹಿಡಿದೆ. ನಡುವೆ ರೈಲ್ವೆ ಗೇಟು ಹಾಕಿತ್ತು, ಹಾರ್ನ್ ಕೇಳಿತು, ರೂಢಿಯಂತೆ ಕಣ್ಣು ಮುಚ್ಚಿದೆ. ಗೇಟು ತೆರೆದದ್ದು ಹಿಂದಿನ ಟ್ರ್ಯಾಕ್ಟರಿನವನ ಬೈಗುಳದಿಂದ ತಿಳಿಯಿತು.

ಸೇಡಂ ನಿಲ್ದಾಣದ ಬೆಂಚಿನ ಮೇಲೆ ಅತ್ತೆ ಕುಳಿತಿದ್ದರು. ಕಾಲೇಜಿನ ಇಬ್ಬರು ಹುಡುಗಿಯರು ಇಳಿಸಿದ್ದರಂತೆ. ಕಾಗದದಲ್ಲಿ ಮಿರ್ಚಿ ಭಜಿ ಇತ್ತು. ಒಂದೊಂದೇ ಭಜಿಯನ್ನು ಅವಸರವಿಲ್ಲದೆ, ಅತ್ತಿತ್ತ ನೋಡದೆ ತಿನ್ನುತ್ತಿದ್ದರು. ಡಾಕ್ಟರಮ್ಮ ಹೇಳಿದ್ದು ಇದನ್ನೇ ಇರಬೇಕು.

ನಡೆದುದನ್ನೆಲ್ಲ, ರೋಗದ ಹೆಸರು ಸಹಿತ, ಯಾವುದನ್ನೂ ಬಿಡದೆ ಹೇಳಿದೆ. ಅವರು ಕೊನೆಯ ಭಜಿ ಮುಗಿಸಿ ಕೈ ಒರೆಸಿಕೊಂಡರು.

"ಉಸಿರಿಗಿ ಯಾರರ ಕಣ್ಣು ಮುಚ್ತಾರೇನ್ರಿ? ನಾ ಅರವತ್ತು ವರ್ಷದಿಂದ ಕಣ್ಣು ತೆರೆದೇ ಉಸಿರಾಡ್ಲಾಕತ್ತೀನಿ. ಹುಚ್ಚಪ್ಪಾ, ಬರ್ರಿ ಹೋಗಮು."

ನೋಯುವ ಮೊಣಕಾಲಿಗೆ ಮೋಟಾರ್ ಸೈಕಲ್ ಆಗದು. ವಾಡಿ ಕಡೆಯ ರೈಲು ಹತ್ತಿದೆವು. ಈ ಸಲ ಕಣ್ಣು ತೆರೆದೇ ಉಸಿರಾಡಿದೆ. ದಾರಿಯುದ್ದಕ್ಕೂ ಅತ್ತೆಯ ಕಾಲುಗಳ ಹೊರತು ಬೇರೇನನ್ನೂ ನೋಡಲಿಲ್ಲ. ವಾಡಿ ಬಂತು, ಹಾರ್ನ್ ಕೂಗಿತು, ನಾನು ಅಲುಗಲಿಲ್ಲ. ಮೊದಲು ಚೀಲ, ನಂತರ ನಾನು, ನಂತರ ಅವರ ಕೈ ಹಿಡಿದು ಬಲಗಾಲು, ಎಡಗಾಲು. ಅತ್ತೆ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದರು. ಫೋನಿನಲ್ಲಿ ವಿಷಯ ತಿಳಿದು ಬಂದು ಕಾದಿದ್ದ ಮಹಾದೇವಿ ತಾಯಿಯನ್ನು ತಬ್ಬಿಕೊಂಡಳು. ನನ್ನ ಕಡೆ ನೋಡಿ ನಕ್ಕಳು. ಇಂಥ ನಗು ನನ್ನ ಪಾಲಿಗೆ ಅಪರೂಪದ ಸುದ್ದಿ.

"ಅವ್ವನ ಚೀಲ ಗಾಡಿ ಮ್ಯಾಲ ಇಡ್ರಿ," ಎಂದಳು. "ಗಾಡಿ ಎಲ್ಲೈತಿ?"

ಗಾಡಿ ಸೇಡಂನಲ್ಲಿತ್ತು. ಕೀಲಿ ಅದರಲ್ಲೇ ಇತ್ತು.

ಮಹಾದೇವಿಯ ನಗುವನ್ನು ಹಿಂತೆಗೆದುಕೊಳ್ಳಲಾಯಿತು. ಅತ್ತೆ ಮಾತ್ರ ಮಗಳಿಗೆ ಹೇಳಿದರು.

"ಬೈಬ್ಯಾಡವ್ವ. ಗಾಡಿ ತರ್ಲಾಕ ಇವರನ್ನ ಒಬ್ಬರನ್ನೇ ಕಳಿಸಬ್ಯಾಡ. ನಾನೂ ಹೋಗ್ತೀನಿ. ಸೇಡಂದಾಗ ಇವರನ್ನ ಯಾರರ ಇಳಿಸಬೇಕಲ್ಲ."

ಹೀಗೆ ಎರಡು ದಿನಕ್ಕೆಂದು ಬಂದ ಅತ್ತೆ ಇಂದಿಗೂ ನಮ್ಮಲ್ಲೇ ಇದ್ದಾರೆ. ಅಳಿಯನ ಮೇಲೆ ಅವರಿಗೆ ವಿಶ್ವಾಸ ಮೂಡಿದೆಯೆಂದು ನಾನು ಬಂಧುಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಅತ್ತೆ ಅದಕ್ಕೆ ತಿದ್ದುಪಡಿ ಹೊರಡಿಸಿದ್ದಾರೆ. ಮಗಳ ಮೇಲೆ ಕನಿಕರ ಮೂಡಿದೆಯಂತೆ.