ಎಡಕ್ಕೆ ಬಿದ್ದ ಹೂವು

ವಾದದಲ್ಲಿ ಗೆದ್ದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಅರವತ್ತಮೂರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಾನು ವಿಜಯನಗರದ ನಮ್ಮ ಪಾರ್ಕಿನ ಅಧಿಕೃತ ನಾಸ್ತಿಕನಾಗಿದ್ದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬೋಲ್ಟು, ಶಾಫ್ಟುಗಳನ್ನು ಅಳೆದು, ಪಾಸು ಇಲ್ಲವೇ ರಿಜೆಕ್ಟು ಎಂದು ಚೀಟಿ ಅಂಟಿಸಿದವನು ನಾನು. ಅಳತೆಗೆ ಸಿಗದ ಒಂದೇ ಒಂದು ವಸ್ತುವನ್ನೂ ಗೇಟು ದಾಟಿಸಿದವನಲ್ಲ. ನಿವೃತ್ತಿಯಾದ ಮೇಲೆ ಅಳೆಯಲು ಬೇರೇನೂ ಸಿಗದೆ ದೇವರ ಬೆನ್ನು ಹತ್ತಿದೆ ಎಂದು ನನ್ನ ಹೆಂಡತಿ ಸುಮಿತ್ರ ಹೇಳುತ್ತಾಳೆ. ಇದ್ದರೂ ಇರಬಹುದು.

ಆಸ್ತಿಕರ ಕಡೆಯ ವಕೀಲರು ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು ನಂಜುಂಡಯ್ಯನವರು. "ದೇವರು ಅರ್ಥವಾಗೋ ವಸ್ತು ಅಲ್ಲ ಸಾರ್. ನಿಮಗೆ ಅರ್ಥ ಆಗ್ಬಿಟ್ರೆ ಅವನು ದೇವರೇ ಅಲ್ಲ" ಎನ್ನುವುದು ಅವರ ಬ್ರಹ್ಮಾಸ್ತ್ರ. "ಅರ್ಥವೇ ಆಗದೋನಿಗೆ ಶನಿವಾರ ವಡೆ ಹಾರ ಇಷ್ಟ ಅಂತ ಯಾರು ಹೇಳಿದ್ರು ಮೇಷ್ಟ್ರೇ?" ಎನ್ನುವುದು ನನ್ನದು. ವಾಕಿಂಗಿಗೆ ಬಂದವರು ನಡೆಯುವುದನ್ನು ಬಿಟ್ಟು ನಮ್ಮ ಬೆಂಚಿನ ಸುತ್ತ ನಿಲ್ಲುತ್ತಿದ್ದರು. ಅವರ ಸಕ್ಕರೆ ಕಾಯಿಲೆ ಇಳಿಯದಿರುವುದಕ್ಕೆ ನಾವಿಬ್ಬರೇ ಹೊಣೆ. ಮನೆಗೆ ಬಂದರೆ ಸುಮಿತ್ರ, "ದೇವರು ಅರ್ಥ ಆಗೋದು ಹಾಗಿರ್ಲಿ, ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ ಅಂದಿದ್ದು ಅರ್ಥ ಆಗಿತ್ತಾ?" ಎಂದು ಕೇಳುತ್ತಿದ್ದಳು. ನಾನು ಚೀಲ ಹಿಡಿದು ಮತ್ತೆ ಮೆಟ್ಟಿಲಿಳಿಯುತ್ತಿದ್ದೆ.

ಹೋದ ತಿಂಗಳು ಅವಳ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಡಾಕ್ಟರು ಸೂಜಿ ಚುಚ್ಚಿ ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿ, "ರಿಪೋರ್ಟ್ ಗುರುವಾರ ಬರುತ್ತೆ. ಅಲ್ಲಿವರೆಗೂ ಏನೂ ಹೇಳಕ್ಕಾಗಲ್ಲ" ಎಂದರು. ಅಂದು ಸೋಮವಾರ. ಸುಮಿತ್ರ ಎಂದಿನಂತೆ ದೋಸೆಗೆ ನೆನೆಹಾಕಿದಳು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. "ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿದ್ರೆ ಕರಗತ್ತೇನ್ರೀ?" ಎಂದು ಅವಳೇ ನನ್ನ ಕೈ ಸರಿಸಿದಳು. ಕಾರ್ಖಾನೆಯಲ್ಲಿ ದಪ್ಪ ಅಳೆಯುತ್ತಿದ್ದ ಹಳೆಯ ವರ್ನಿಯರ್ ಕ್ಯಾಲಿಪರನ್ನು ಬೀರುವಿನಿಂದ ಹೊರತೆಗೆದದ್ದೂ ಉಂಟು. ಅವಳ ಮುಖ ನೋಡಿ ಮತ್ತೆ ಒಳಗಿಟ್ಟೆ.

ಮಂಗಳವಾರ, ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಸುಳ್ಳು ಹೇಳಿ ಲಗ್ಗೆರೆಯ ಬಸ್ಸು ಹತ್ತಿದೆ. ಅಲ್ಲೊಂದು ಅಮ್ಮನ ಗುಡಿಯಿದೆ. ಕಾರ್ಖಾನೆಯಲ್ಲಿ ನನ್ನ ಕೈಕೆಳಗಿದ್ದವರು ಮದುವೆ, ಸೈಟು ಎಂದು ಎಲ್ಲದಕ್ಕೂ ಅಲ್ಲಿ ಹೂ ಕೇಳಿ ಬರುತ್ತಿದ್ದರು, ನಾನು ನಗುತ್ತಿದ್ದೆ. ಪೂಜಾರಿ ಅಮ್ಮನ ಎರಡೂ ಭುಜದ ಮೇಲೆ ಒದ್ದೆ ಹೂವಿಡುತ್ತಾರೆ, ನಾವು ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಬಲಗಡೆ ಹೂ ಬಿದ್ದರೆ ಆಯಿತು, ಎಡಗಡೆ ಬಿದ್ದರೆ ಇಲ್ಲ. ಲಗ್ಗೆರೆಯಲ್ಲಿ ಪಾರ್ಕಿನವರು ಯಾರೂ ಸಿಗುವುದಿಲ್ಲ ಎಂಬುದೂ ನನ್ನ ಲೆಕ್ಕದಲ್ಲಿತ್ತು.

ಸುಮಿತ್ರಳಿಗೆ ಏನೂ ಆಗಿರಬಾರದು ಎಂದಷ್ಟೇ ಕೇಳಿಕೊಂಡೆ. ಕೈ ತಾನಾಗಿ ಮುಗಿದುಕೊಂಡಿತ್ತು. ಹೂ ಎಡಕ್ಕೆ ಬಿತ್ತು. ಆಗ ನನ್ನೊಳಗಿದ್ದ ಕಾರ್ಖಾನೆಯ ಇನ್‌ಸ್ಪೆಕ್ಟರು ಎದ್ದು ಕೂತ.

"ಸ್ವಾಮಿ, ಮೇಲೆ ಫ್ಯಾನ್ ಓಡ್ತಾ ಇದೆ. ಆಫ್ ಮಾಡಿ ಇನ್ನೊಂದು ಸಲ ಇಡಿ" ಎಂದೆ.

"ಅಮ್ಮ ಹೇಳಿದ್ಮೇಲೆ ಆಯ್ತು ಸಾರ್. ಎರಡೆರಡು ಸಲ ಕೇಳೋ ಹಾಗಿಲ್ಲ" ಎಂದರು ಪೂಜಾರಿ.

"ಒಂದೇ ಸಲ ನೋಡಿ ರಿಜೆಕ್ಟ್ ಮಾಡೋದು ಪದ್ಧತಿ ಅಲ್ಲ. ಮೂರು ಸಲ ನೋಡ್ಬೇಕು."

ಹಿಂದೆ ನಿಂತಿದ್ದ ಹೆಂಗಸು, "ಅಣ್ಣ, ಅಮ್ಮನ ಮೇಲೆ ನಂಬಿಕೆ ಇಲ್ದೋರು ಯಾಕ್ ಬರ್ಬೇಕು? ಸರೀರಿ ಆಕಡೆ" ಎಂದಳು.

ಸರಿದೆ. ಐದು ವರ್ಷ ದೇವರಿಲ್ಲ ಎಂದು ಸಾಧಿಸಿದವನು ದೇವರ ತೀರ್ಪಿನ ಮೇಲೆ ಅಪೀಲು ಹಾಕಲು ನೋಡಿದ್ದೆ. ಬಸ್ಸಿನಲ್ಲಿ ಬರುವಾಗ ಒಂದೇ ಸಂಕಟ. ದೇವರು ನನಗೆ ಅರ್ಥವಾಗಿಬಿಟ್ಟಿದ್ದಳು. ಎಡ ಎಂದರೆ ಇಲ್ಲ, ಅಷ್ಟೇ.

ಮರುದಿನ ನಂಜುಂಡಯ್ಯನವರು ಬೆಂಚಿನ ಮೇಲೆ ಕೂತು ಎಂದಿನ ಅಸ್ತ್ರ ಬಿಟ್ಟರು. ನಾನು ಅವರ ಕೈ ಹಿಡಿದುಕೊಂಡೆ. "ಅರ್ಥ ಆಗಲ್ಲ ಅನ್ನೋದು ಖಂಡಿತಾನಾ ಮೇಷ್ಟ್ರೇ? ಅಂದ್ರೆ, ದೇವರು ಹೇಳಿದ್ದನ್ನ ನಾವು ತಪ್ಪು ತಿಳ್ಕೊಂಡಿರೋ ಸಾಧ್ಯತೆನೂ ಇದೆ ಅಲ್ವಾ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೈ ಹುಷಾರಾಗಿದೆ ತಾನೇ?" ಎಂದು ಕೇಳಿದರು. ಜೀವಮಾನದಲ್ಲಿ ಮೊದಲ ಸಲ ಅವರ ವಾದವೇ ಗೆಲ್ಲಲಿ ಎಂದು ನಾನು ಹಂಬಲಿಸುತ್ತಿದ್ದೆ.

ಗುರುವಾರ ರಿಪೋರ್ಟು ಬಂತು. ಕೆಟ್ಟದ್ದೇನೂ ಇಲ್ಲ, ಮಾತ್ರೆಯಲ್ಲೇ ವಾಸಿಯಾಗುವಂಥದ್ದು. ನಾನು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಅತ್ತೆ. ಸುಮಿತ್ರ ನನ್ನ ಬೆನ್ನು ಸವರಿ, "ಕಾಯ್ಲೆ ನಂದೋ ನಿಮ್ದೋ? ಏಳಿ, ಜನ ನೋಡ್ತಾ ಇದಾರೆ" ಎಂದಳು.

ಮನೆ ತಲುಪುವ ಹೊತ್ತಿಗೆ ಹೊಳೆಯಿತು. ಹೂ ಎಡಕ್ಕೆ ಬಿದ್ದಿದೆ, ರಿಪೋರ್ಟು ಚೆನ್ನಾಗಿದೆ. ಐದು ವರ್ಷ ಹುಡುಕುತ್ತಿದ್ದ ಪುರಾವೆ ಲ್ಯಾಬಿನ ಸೀಲು ಸಮೇತ ನನ್ನ ಕೈಯಲ್ಲಿತ್ತು. ನಂಜುಂಡಯ್ಯನವರ ಬಾಯಿ ಮುಚ್ಚಿಸಲು ಇಷ್ಟು ಸಾಕು. ಆದರೆ ಹೇಳುವುದು ಹೇಗೆ? ಹೂ ಬಿದ್ದಾಗ ನಾನೆಲ್ಲಿದ್ದೆ, ಕೈ ಹೇಗಿತ್ತು ಎಂದು ಮೇಷ್ಟ್ರು ಕೇಳದೆ ಬಿಡುವವರಲ್ಲ. ಸುಮಿತ್ರಳಿಗೆ ಹೇಳಿದರೆ ಹಲ್ಲಿನ ಡಾಕ್ಟರ ಸುಳ್ಳು ಬಯಲಾಗುತ್ತದೆ. ಇಷ್ಟು ದೊಡ್ಡ ಗೆಲುವನ್ನು ಹೊಟ್ಟೆಯಲ್ಲಿಟ್ಟುಕೊಂಡು ಇರುವುದೂ ಕಷ್ಟ.

ಕೊನೆಗೆ ಶುಕ್ರವಾರ ಮತ್ತೆ ಲಗ್ಗೆರೆಗೆ ಹೋದೆ. ನಡೆದದ್ದೆಲ್ಲ ಗೊತ್ತಿದ್ದವಳು ಆ ಗುಡಿಯ ಅಮ್ಮ ಒಬ್ಬಳೇ. ನೀನು ಇಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿದೆ ತಾಯೀ ಎಂದು ಅವಳಿಗೆ ಹೇಳಿ ಬರಲು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಿದ್ದೆ.